ಕ್ಯಾಮೆರಾದವರು ನಿರ್ದೇಶಕರಾದದ್ದು

ನಮ್ಮ ಮದುವೆಗಳಲ್ಲಿ ಅಂತರಪಟ ಯಾವ ಗಳಿಗೆಗೆ ಸರಿಯುತ್ತದೆ ಎಂಬುದನ್ನು ನನಗೆ ಕಲಿಸಿದವರು ಕೊರಿಯಾದವರೊಬ್ಬರು. ಫ್ರೀಮಾಂಟಿನ ಹಾಲೊಂದರಲ್ಲಿ ನನ್ನ ನಾದಿನಿಯ ಮದುವೆ ನಡೆಯುತ್ತಿತ್ತು. ನಾನು ಅತ್ತಿಗೆ ಎಂಬ ಠೀವಿಯಲ್ಲಿ ಜೀರಿಗೆ ಬೆಲ್ಲದ ತಟ್ಟೆ ಹಿಡಿದು, ನಿಲ್ಲಬಾರದ ಜಾಗದಲ್ಲೇ ನಿಂತಿದ್ದೆ. ಹಿಂದಿನಿಂದ ಯಾರೋ ಮೆಲುದನಿಯ ಇಂಗ್ಲಿಷಿನಲ್ಲಿ, “ಎರಡು ಹೆಜ್ಜೆ ಎಡಕ್ಕೆ ಬನ್ನಿ, ಇನ್ನು ಅರ್ಧ ನಿಮಿಷಕ್ಕೆ ಪರದೆ ಸರಿಯುತ್ತದೆ” ಎಂದರು. ತಿರುಗಿ ನೋಡಿದರೆ ಮದುವೆಯ ವಿಡಿಯೋ ತೆಗೆಯುವವರು. ಅವರು ಹೇಳಿದ ಹೊತ್ತಿಗೇ ಪರದೆ ಸರಿಯಿತು. ಊಟದ ಸಾಲಿನಲ್ಲಿ ಸಿಕ್ಕಾಗ, ನಿಮಗೆ ಹೇಗೆ ಗೊತ್ತಾಯಿತು ಎಂದು ಕೇಳಿದೆ. ಮಂತ್ರ ಅವರಿಗೆ ಒಂದಕ್ಷರವೂ ತಿಳಿಯುವುದಿಲ್ಲವಂತೆ. ಆದರೆ ಇಲ್ಲಿನ ಪುರೋಹಿತರೆಲ್ಲ ಪರದೆ ಸರಿಸುವ ಮುಂಚೆ ಒಮ್ಮೆ ಶಲ್ಯ ಸರಿಮಾಡಿಕೊಳ್ಳುತ್ತಾರಂತೆ, ವಿಡಿಯೋದಲ್ಲಿ ತಾವೂ ಬರುತ್ತೇವೆಂದು.

ಇದಕ್ಕಿಂತ ನಾಚಿಕೆಗೇಡಿನ ಸಂಗತಿ ಆಮೇಲೆ ಗೊತ್ತಾಯಿತು. ಫ್ರೀಮಾಂಟಿಗೆ ಅಂಟಿಕೊಂಡಿರುವ ನೆವಾರ್ಕಿನಲ್ಲಿ ಅವರು ನಮ್ಮ ಪಕ್ಕದ ಮನೆಯವರು. ಎರಡು ವರ್ಷದಿಂದ ಒಂದೇ ಗೋಡೆಯ ಆ ಬದಿಗೆ ಅವರು, ಈ ಬದಿಗೆ ನಾವು. ಗರಾಜಿನ ಬಾಗಿಲು ಏಳುತ್ತದೆ, ಕಾರು ಒಳಗೆ ಹೋಗುತ್ತದೆ, ಬಾಗಿಲು ಇಳಿಯುತ್ತದೆ. ಇಲ್ಲಿ ನೆರೆಹೊರೆ ಎಂದರೆ ಇಷ್ಟೇ. ಅವರ ಕಾರಿನ ಬಣ್ಣ ನನಗೆ ಗೊತ್ತಿತ್ತು, ಮುಖ ಗೊತ್ತಿರಲಿಲ್ಲ.

ಕೊರಿಯಾದಲ್ಲಿ ಅವರು ದೊಡ್ಡ ಛಾಯಾಗ್ರಾಹಕರಾಗಿದ್ದರು. ಈ ಮಾತನ್ನು ಅವರು ಹೇಳಲಿಲ್ಲ, ನರ್ಸ್ ಆಗಿರುವ ಅವರ ಹೆಂಡತಿ ಹೇಳಿದರು. ಅಲ್ಲಿನ ಸಿನಿಮಾದಲ್ಲಿ ಕ್ಯಾಮೆರಾದ ಗುಂಪು ಎಂದರೆ ಒಟ್ಟು ಕುಟುಂಬದ ಹಾಗಂತೆ. ಕಿರಿಯರು ಹಿರಿಯರೆದುರು ಬಾಯಿ ಬಿಡುವಂತಿಲ್ಲ. ಮೊದಲ ಕೆಲವು ವರ್ಷ ಬ್ಯಾಟರಿ ಹೊರಬೇಕು. ಆಮೇಲೆ ಟೇಪು ಹಿಡಿದು ನಟರ ಮೂಗಿನಿಂದ ಕ್ಯಾಮೆರಾಕ್ಕೆ ಎಷ್ಟು ದೂರ ಎಂದು ಅಳೆಯಬೇಕು, ಫೋಕಸ್ ತಪ್ಪದ ಹಾಗೆ ತಿರುಗಿಸುತ್ತಿರಬೇಕು. ಎಲ್ಲ ಮುಗಿದು ಕ್ಯಾಮೆರಾದ ಕಿಂಡಿಗೆ ಕಣ್ಣಿಡುವ ಹೊತ್ತಿಗೆ ತಲೆ ನರೆಯಲು ಶುರುವಾಗಿರುತ್ತದೆ. ಅಳೆದೂ ಅಳೆದೂ ಇವರಿಗೆ ಅದೇ ಚಾಳಿಯಾಗಿಬಿಟ್ಟಿತ್ತು. ಗ್ರೋಸರಿ ಅಂಗಡಿಯಲ್ಲಿ ಎದುರಾದರೆ ನಮಸ್ಕಾರಕ್ಕೆ ಮುಂಚೆ “ಎರಡು ಮೀಟರ್ ಇಪ್ಪತ್ತು” ಎನ್ನುತ್ತಿದ್ದರು. ನಾನು ಒಂದು ಹೆಜ್ಜೆ ಹಿಂದೆ ಸರಿದರೆ ಅದನ್ನೂ ತಿದ್ದುತ್ತಿದ್ದರು.

ಹೆಂಡತಿಯ ಕೆಲಸದ ಸಲುವಾಗಿ ಇಲ್ಲಿಗೆ ಬಂದರು. ಬೇ ಏರಿಯಾದಲ್ಲಿ ಕೊರಿಯಾದ ಛಾಯಾಗ್ರಾಹಕರಿಗಾಗಿ ಯಾರೂ ಕಾದು ಕೂತಿರಲಿಲ್ಲ. ಮದುವೆಗಳಿದ್ದವು. ತೆಲುಗರದ್ದು, ಪಂಜಾಬಿಗಳದ್ದು, ನಮ್ಮದು. ವಾರದ ನಡುವೆ ಕಂಪನಿಗಳ ವಿಡಿಯೋಗಳು, ಅಂದರೆ ಲಾಸ್ ಆಲ್ಟೋಸಿನಂಥ ಸಿರಿವಂತರ ಊರಿನಲ್ಲಿ ಮನೆ ಇರುವ ಯಾರೋ ಒಬ್ಬರು ಪ್ರಪಂಚವನ್ನು ಉದ್ಧಾರ ಮಾಡುತ್ತೇನೆ ಎಂದು ಬೂದು ಬಣ್ಣದ ಟೀ ಶರ್ಟು ಹಾಕಿಕೊಂಡು ಹೇಳುವುದು. ಇದನ್ನೆಲ್ಲ ಇವರು ಅಷ್ಟೇ ಶ್ರದ್ಧೆಯಿಂದ ತೆಗೆಯುತ್ತಿದ್ದರು. ನನ್ನ ನಾದಿನಿಯ ಮದುವೆಯ ವಿಡಿಯೋದಲ್ಲಿ ಬೀಗರ ಜಗಳ ಕೂಡ ಎಷ್ಟು ಸೊಗಸಾಗಿ ಬಂದಿದೆ ಎಂದರೆ, ಎರಡೂ ಕಡೆಯವರು ಅದನ್ನು ಆಗಾಗ ಹಾಕಿಕೊಂಡು ನೋಡುತ್ತಾರೆ.

ಐವತ್ತು ದಾಟಿದ ಮೇಲೆ ಅವರಿಗೆ ನಿರ್ದೇಶಕರಾಗುವ ಆಸೆ ಹುಟ್ಟಿತು. ಹುಟ್ಟಿತು ಎನ್ನುವುದು ತಪ್ಪು. ಮೊದಲಿನಿಂದಲೂ ಇತ್ತು, ಕಿರಿಯರು ಬಾಯಿ ಬಿಡಬಾರದಲ್ಲ. ಮೊದಲ ಚಿತ್ರವನ್ನು ಇಲ್ಲೇ ಉಪ್ಪಿನ ಹೊಂಡಗಳ ಹತ್ತಿರ ತೆಗೆದರು. ಕೆಲಸ ಕಳೆದುಕೊಂಡ ಒಬ್ಬ ದಿನಾ ಅಲ್ಲಿಗೆ ಬಂದು ಹಕ್ಕಿಗಳನ್ನು ಎಣಿಸುತ್ತಾನೆ, ಅಷ್ಟೇ ಕಥೆ. ಕ್ಯಾಮೆರಾಕ್ಕೆಂದು ಹತ್ತು ವರ್ಷ ಅನುಭವವಿದ್ದ ಒಬ್ಬಾಕೆಯನ್ನು ಕರೆಸಿಕೊಂಡರು. ಆಕೆ ದೀಪ ಇಟ್ಟ ಕಡೆಯಿಂದ ಇವರು ತೆಗೆಯುವುದು, ಆಕೆ ಕ್ಯಾಮೆರಾ ನಿಲ್ಲಿಸಿದ ಕಡೆಯಿಂದ ಇವರು ಒಂದು ಗೇಣು ಸರಿಸುವುದು. ನಾಲ್ಕನೇ ದಿನ ಆಕೆ, “ನಿಮ್ಮ ಚಿತ್ರಕ್ಕೆ ಆಗಲೇ ಒಬ್ಬರು ಕ್ಯಾಮೆರಾದವರಿದ್ದಾರೆ. ನಿರ್ದೇಶಕರನ್ನು ಹುಡುಕಿಕೊಳ್ಳಿ” ಎಂದು ಹೇಳಿ ಹೊರಟುಹೋದಳು. ನಟ ಅಳುತ್ತಿದ್ದಾಗ ಇವರು ನೋಡುತ್ತಿದ್ದದ್ದು ನಟನ ಬೆನ್ನ ಹಿಂದಿನ ನೀರಿನ ಬಣ್ಣವನ್ನಂತೆ. ಅಳು ಚೆನ್ನಾಗಿತ್ತು, ಆದರೆ ಮೋಡ ಬಂತು, ಇನ್ನೊಮ್ಮೆ ಅಳಿ ಎಂದರಂತೆ. ಹಾಗೆ ಒಂಬತ್ತು ಸಲ ಅತ್ತ ಮೇಲೆ ಅವನಿಗೆ ಯಾಕೆ ಅಳುತ್ತಿದ್ದೇನೆ ಎನ್ನುವುದೇ ಮರೆತುಹೋಯಿತು.

ಆ ಚಿತ್ರ ನೋಡಿ ಬಂದವರೆಲ್ಲ ಅವರ ಕೈ ಕುಲುಕಿ ಒಂದೇ ಮಾತು ಹೇಳಿದರು: ಫೋಟೋಗ್ರಫಿ ಅದ್ಭುತ. ನಾನು ಮೈಸೂರಿನವಳು, ಚಿತ್ರಮಂದಿರದಿಂದ ಹೊರಗೆ ಬರುವಾಗ ಯಾರಾದರೂ ಫೋಟೋಗ್ರಫಿ ಚೆನ್ನಾಗಿದೆ ಎಂದರೆ ಅದರ ಅರ್ಥವೇನು ಎಂದು ನನಗೆ ಗೊತ್ತು. ಕೊರಿಯಾದಲ್ಲೂ ಅದೇ ಅರ್ಥವಂತೆ. ಯಾವುದೋ ಉತ್ಸವದವರು ಛಾಯಾಗ್ರಹಣಕ್ಕೆಂದು ಒಂದು ಫಲಕವನ್ನೂ ಕೊಟ್ಟರು. ಅವರು ಅದನ್ನು ಗರಾಜಿನಲ್ಲಿ ಗೋಡೆಗೆ ಮುಖ ಮಾಡಿ ಇಟ್ಟರು.

ಎರಡನೆಯ ಚಿತ್ರಕ್ಕೆ ನಮ್ಮ ಮನೆ ಸಿಕ್ಕಿಕೊಂಡದ್ದು ಸಂಡಿಗೆಯಿಂದ. ಅಪ್ಪ ತೀರಿಕೊಂಡ ಮೇಲೆ ಅಮ್ಮ ನಮ್ಮ ಜೊತೆಗೇ ಇದ್ದಾಳೆ. ಬೇಸಿಗೆಯಲ್ಲಿ ಹಿತ್ತಲಿನ ಆರಡಿ ಸಿಮೆಂಟಿನ ಮೇಲೆ ಹಳೆಯ ಪಂಚೆ ಹಾಸಿ ಸಂಡಿಗೆ ಇಡುತ್ತಾಳೆ. ಇಲ್ಲಿ ಹೀಗೆಲ್ಲ ಒಣಹಾಕುವುದಕ್ಕೆ ಕಾಲೋನಿಯ ಸಂಘದವರ ಒಪ್ಪಿಗೆ ಇಲ್ಲ, ಎರಡು ಸಲ ಕಾಗದ ಬಂದಿತ್ತು. ಒಂದು ಮಧ್ಯಾಹ್ನ ಇವರು ಬೇಲಿಯ ಆಚೆ ನಿಂತು ಅಲ್ಲಾಡದೆ ನೋಡುತ್ತಿದ್ದರು. ಅಮ್ಮ ಸಂಘದವರೇ ಬಂದರೆಂದು ತಿಳಿದು, ಹಸಿ ಸಂಡಿಗೆಯನ್ನು ಪಂಚೆ ಸಮೇತ ಸುತ್ತಿಕೊಂಡು ಒಳಗೆ ಓಡಿಬಂದಳು. ಸಂಡಿಗೆ ಹಾಳಾಯಿತು. ಅವರು ಬಾಗಿಲಿಗೆ ಬಂದು ನನ್ನ ಹತ್ತಿರ ಕ್ಷಮೆ ಕೇಳಿ, ಬಿಸಿಲು ನಿಮ್ಮ ತಾಯಿಯ ಮುಖದ ಮೇಲೆ ಬಿದ್ದು ಅಲ್ಲೇ ನಿಲ್ಲುತ್ತದೆ, ಅವರು ನನ್ನ ಚಿತ್ರದಲ್ಲಿ ನಟಿಸುತ್ತಾರಾ ಎಂದರು.

ಅವರು ಆಗಲೇ ಊರಿನ ಕೊರಿಯಾದ ಅಜ್ಜಿಯರನ್ನೆಲ್ಲ ಕರೆಸಿ ನೋಡಿಯಾಗಿತ್ತಂತೆ. ಎಲ್ಲರೂ ಟೀವಿ ಧಾರಾವಾಹಿ ನೋಡಿ ಅಳುವುದನ್ನು ಕಲಿತುಬಿಟ್ಟಿದ್ದರು. ಚಿತ್ರದ ಮುದುಕಿ ಮಗಳ ಮನೆಯಲ್ಲಿ ಇರುವವಳು. ಯಾವ ದೇಶದವಳಾದರೂ ಆಗುತ್ತದೆ, ಯಾವ ಭಾಷೆಯಾದರೂ ಆಗುತ್ತದೆ.

ನಾನು ಅಮ್ಮನಿಗೆ ವಿಷಯ ಹೇಳಿದೆ. ಅವಳು ಪಂಚೆಯಿಂದ ಸಂಡಿಗೆ ಹಿಟ್ಟು ಕೆರೆಯುತ್ತಾ ಕೇಳಿಸಿಕೊಂಡಳು.

“ಸಾಯೋ ಪಾರ್ಟು ಆದ್ರೆ ಬೇಡ ಅನ್ನು. ಮಿಕ್ಕಿದ್ದು ಏನಾದ್ರೂ ಮಾಡ್ತೀನಿ.”

“ಅಮ್ಮ, ಸುಮ್ನೆ ಅಲ್ಲ. ದಿನಾ ಹೋಗ್ಬೇಕು.”

“ಎಲ್ಲಿಗೆ, ಪಕ್ಕದ ಮನೆಗೆ ತಾನೆ? ಇಲ್ಲಿದ್ದು ಏನು ಕಡಿದು ಕಟ್ಟೆ ಹಾಕ್ತಿದೀನಿ.”

ಹೀಗೆ ಶೂಟಿಂಗು ಶುರುವಾಯಿತು. ಅವರ ಮನೆ ನಮ್ಮ ಮನೆಯದೇ ನಕ್ಷೆ, ಆದರೆ ಎಡಬಲ ಅದಲುಬದಲು. ಅಮ್ಮ ಸಿಂಕು ಎಂದು ಹೋದ ಕಡೆ ಗೋಡೆ ಇರುತ್ತಿತ್ತು, ಸ್ವಿಚ್ಚಿಗೆ ಕೈ ಚಾಚಿದ ಕಡೆ ಖಾಲಿ. ಅವರಿಗೆ ಅದು ಬಹಳ ಇಷ್ಟವಾಯಿತು. ಇಡೀ ತಂಡ ಎಂದರೆ ಅವರು, ಧ್ವನಿ ಹಿಡಿಯುವ ಒಬ್ಬರು, ಶನಿವಾರ ಭಾನುವಾರ ನಾನು. ನನ್ನದು ಅನುವಾದದ ಕೆಲಸ. ಅದರ ಜೊತೆಗೆ, ಕೈ ಖಾಲಿ ಇದೆಯಲ್ಲ ಎಂದು, ಕಿಟಕಿಯ ಬೆಳಕನ್ನು ಅಮ್ಮನ ಮುಖದ ಇನ್ನೊಂದು ಬದಿಗೆ ತಿರುಗಿಸುವ ಬಿಳಿ ಬೋರ್ಡು ಹಿಡಿದು ನಿಲ್ಲುವುದು. ಬೋರ್ಡು ಅಲ್ಲಾಡಬಾರದು, ಅಲ್ಲಾಡಿದರೆ ಮುಖದ ಮೇಲೆ ಬೆಳಕು ನಡುಗುತ್ತದೆ ಎಂದು ಮೊದಲ ದಿನವೇ ಮೂರು ಸಲ ಹೇಳಿದ್ದರು.

ಒಂದು ಭಾನುವಾರದ ದೃಶ್ಯದಲ್ಲಿ ಮುದುಕಿ ಒಗೆದ ಟವೆಲುಗಳನ್ನು ಮಡಿಸುತ್ತಾ ತನ್ನಷ್ಟಕ್ಕೆ ಮಾತಾಡಬೇಕಿತ್ತು. ಏನು ಮಾತಾಡಲಿ ಎಂದು ಅಮ್ಮ ಕೇಳಿದಳು. ಏನಾದರೂ ಎಂದರು. ಅಮ್ಮ ಮೊದಲ ಟವೆಲು ಎತ್ತಿಕೊಂಡಳು.

“ಈ ಮನೇಲಿ ನಂಗೇನೂ ಕಮ್ಮಿ ಇಲ್ಲ. ಫ್ರಿಜ್ಜು ತುಂಬಾ ತರಕಾರಿ ಇದೆ. ಸ್ವೆಟರೇ ನಾಕಿದೆ. ಯಾರೂ ನನ್ನ ಒಂದು ಮಾತು ಬೈಯಲ್ಲ. ಬೈಯೋಷ್ಟು ಹೊತ್ತು ಯಾರೂ ನನ್ನ ಹತ್ರ ಕೂತ್ಕೊಳ್ಳಲ್ಲ. ಮಗಳು ಬರ್ತಾಳೆ, ಬಾಗಿಲ ಮೇಲೆ ಕೈ ಇಟ್ಕೊಂಡು ನಿಂತೇ ಮಾತಾಡ್ತಾಳೆ. ಊಟ ಆಯ್ತಾ, ಮಾತ್ರೆ ತಗೊಂಡ್ಯಾ. ಎರಡಕ್ಕೂ ಹೂಂ ಅಂದ್ರೆ ಮೂರನೇ ಪ್ರಶ್ನೆ ಇರಲ್ಲ. ಒಂದಿನ ಬೇಕೂಂತ್ಲೇ ಮಾತ್ರೆ ತಗೊಂಡಿಲ್ಲ ಅಂದೆ. ಐದು ನಿಮಿಷ ಕೂಗಾಡಿದ್ಲು. ಎಷ್ಟು ಖುಷಿ ಆಯ್ತು ಅಂತೀಯ.”

ಹೀಗೇ ಹನ್ನೊಂದು ನಿಮಿಷ ಹೇಳಿದಳು. ದೊಡ್ಡ ದನಿಯಿಲ್ಲ, ಅಳುವಿಲ್ಲ. ಅಂಚಿಗೆ ಅಂಚು ಸೇರಿಸಿ ಟವೆಲು ಮಡಿಸುತ್ತಲೇ ಇದ್ದಳು. ನಾನು ಬೋರ್ಡು ಹಿಡಿದು ನಿಂತಿದ್ದೆ. ಅಂದು ನನಗೆ ಆದದ್ದು ಅವಮಾನವೇ, ಪಶ್ಚಾತ್ತಾಪವಲ್ಲ. ಪಶ್ಚಾತ್ತಾಪ ಮೊದಲು ಬಂತು ಎಂದು ಬರೆದರೆ ಚೆನ್ನಾಗಿರುತ್ತದೆ, ಆದರೆ ಸುಳ್ಳು. ಇಷ್ಟೆಲ್ಲ ಮಾಡಿದ ಮೇಲೂ ಹೀಗಾ ಎಂದು ಸಿಟ್ಟೇ ಬಂದಿತ್ತು.

ಟೇಕು ಮುಗಿದ ಮೇಲೆ ಅವರು ನನ್ನನ್ನು, ಏನು ಹೇಳಿದರು ಎಂದು ಕೇಳಿದರು. ನಾನು ಇಂಗ್ಲಿಷಿನಲ್ಲಿ, ಮಗಳು ತುಂಬಾ ಚೆನ್ನಾಗಿ ನೋಡಿಕೊಳ್ಳುತ್ತಾಳೆ, ದಿನಾ ಊಟ ಔಷಧಿ ವಿಚಾರಿಸುತ್ತಾಳೆ ಎನ್ನುತ್ತಿದ್ದಾರೆ ಎಂದೆ. ನೋಡಿದರೆ ಮೊದಲ ಮಾತೊಂದು ಬಿಟ್ಟು ಯಾವುದೂ ನನ್ನ ಸ್ವಂತದ್ದಲ್ಲ, ಮಿಕ್ಕಿದ್ದೆಲ್ಲ ಅಮ್ಮನದೇ. ಸುಳ್ಳುಗಳಲ್ಲಿ ಇದು ಮೇಲ್ಜಾತಿಯದು. ಅಮ್ಮ ಟವೆಲುಗಳನ್ನು ಬುಟ್ಟಿಗೆ ಜೋಡಿಸುತ್ತಿದ್ದಳು.

ಆಮೇಲೆ ಸಬ್‌ಟೈಟಲ್ ಬರೆಯುವ ಕೆಲಸವೂ ನನಗೇ ಬಂತು. ಹನ್ನೊಂದು ನಿಮಿಷಕ್ಕೆ ನಾನು ಹೊಸ ಮಾತುಗಳನ್ನೇ ಹೊಲಿದೆ. ಮೈಸೂರಿನ ಬಿಸಿಲಲ್ಲಿ ಬಟ್ಟೆ ಎಷ್ಟು ಬೇಗ ಒಣಗುತ್ತದೆ, ಮಗಳು ಚಿಕ್ಕವಳಿದ್ದಾಗ ಟವೆಲು ಸುತ್ತಿಕೊಂಡು ಸೀರೆ ಎನ್ನುತ್ತಿದ್ದದ್ದು, ಇಂಥವು. ಅಮ್ಮನ ಬಾಯಿ ನಿಲ್ಲುವಲ್ಲಿ ಸಾಲು ನಿಲ್ಲಬೇಕು, ಅವಳು ಸಣ್ಣಗೆ ನಕ್ಕಲ್ಲಿ ನಗುವ ಮಾತಿರಬೇಕು. ಆಫೀಸಿನ ಕೆಲಸವನ್ನು ನಾನು ಯಾವತ್ತೂ ಇಷ್ಟು ನಿಗಾ ವಹಿಸಿ ಮಾಡಿಲ್ಲ.

ಎಲ್ಲ ಬಿಗಿಯಾಗಿ ಕೂತಿತು ಎಂದುಕೊಂಡಾಗ ನಮ್ಮ ಕನ್ನಡ ಬಳಗದ ವಾಟ್ಸಾಪಿನಲ್ಲಿ ಸುದ್ದಿ ಬಂತು: ನಮ್ಮ ಬಳಗದ ಅಮ್ಮನೊಬ್ಬರು ನಟಿಸಿದ ಚಿತ್ರ, ಕ್ಯುಪರ್ಟಿನೋದ ಹಾಲಿನಲ್ಲಿ ಭಾನುವಾರ ಮಧ್ಯಾಹ್ನ ಮೊದಲ ಪ್ರದರ್ಶನ, ಎಲ್ಲರೂ ಬನ್ನಿ, ಆಮೇಲೆ ಕಾಫಿ ಇದೆ. ಆಗ ನನ್ನ ತಲೆಗೆ ಹೊಳೆಯಿತು. ಸಬ್‌ಟೈಟಲು ಇರುವುದು ಭಾಷೆ ಬಾರದವರಿಗೆ. ಬರುವವರು ಅದನ್ನು ಓದುವುದಿಲ್ಲ, ಕೇಳಿಸಿಕೊಳ್ಳುತ್ತಾರೆ. ನನ್ನ ಮಗಳ ಶಾಲೆಯ ತಾಯಂದಿರು, ಗಂಡನ ಆಫೀಸಿನವರು, ನಾದಿನಿಯ ಅತ್ತೆಮನೆಯವರು ಎಲ್ಲ ಸಾಲಾಗಿ ಕೂತು ನನ್ನ ಅಮ್ಮ ನನ್ನ ಬಗ್ಗೆ ಹೇಳುವುದನ್ನು ಹನ್ನೊಂದು ನಿಮಿಷ ಕೇಳಲಿದ್ದರು. ಇಷ್ಟು ಸಣ್ಣ ವಿಷಯವನ್ನು ಯೋಚಿಸದೆ ಇಪ್ಪತ್ತು ವರ್ಷದಿಂದ ಎಂಜಿನಿಯರ್ ಎನ್ನಿಸಿಕೊಂಡಿದ್ದೇನೆ.

ಮರುದಿನವೇ ಅವರ ಗರಾಜಿಗೆ ಹೋದೆ. ಎಡಿಟಿಂಗಿನ ಮೇಜು ಅಲ್ಲೇ ಇತ್ತು. ಟವೆಲಿನ ದೃಶ್ಯ ಬಹಳ ಉದ್ದವಾಯಿತು, ಜನ ಕೂರುವುದಿಲ್ಲ, ತೆಗೆದುಬಿಡಿ ಎಂದೆ. ಅವರು ಆ ದೃಶ್ಯವನ್ನು ಪರದೆಯ ಮೇಲೆ ಹಾಕಿದರು. ಧ್ವನಿ ಇರಲಿಲ್ಲ. ಅವರು ಯಾವಾಗಲೂ ಮೊದಲು ಧ್ವನಿ ಮುಚ್ಚಿಯೇ ನೋಡುವುದು, ಅದು ಕ್ಯಾಮೆರಾದವರ ಅಭ್ಯಾಸ. ನಾನು ಬರೆದ ಸಾಲುಗಳೂ ಇರಲಿಲ್ಲ.

“ನನ್ನ ಸಬ್‌ಟೈಟಲು ಎಲ್ಲಿ?” ಎಂದೆ.

“ಈ ದೃಶ್ಯಕ್ಕೆ ತೆಗೆದುಹಾಕಿದ್ದೇನೆ,” ಎಂದರು. “ನಿಮ್ಮ ತಾಯಿ ಏನು ಹೇಳಿದರೋ ನನಗೆ ಗೊತ್ತಿಲ್ಲ. ಆದರೆ ನೀವು ಬರೆದದ್ದನ್ನಂತೂ ಹೇಳಿಲ್ಲ.”

ಆಮೇಲೆ ಅಮ್ಮನ ಎಡಗೆನ್ನೆಯ ಕಡೆ ಬೆರಳು ತೋರಿಸಿದರು. ಅಲ್ಲಿ ನನ್ನ ಬೋರ್ಡಿನ ಬೆಳಕು ಬಿದ್ದಿತ್ತು. ನಾಲ್ಕನೇ ನಿಮಿಷದವರೆಗೆ ತೆಪ್ಪಗಿತ್ತು. ಮಾತ್ರೆಯ ಮಾತು ಬರುವ ಜಾಗದಲ್ಲಿ ಸಣ್ಣಗೆ ನಡುಗಲು ಶುರುವಾಗಿ, ಕೊನೆಯವರೆಗೂ ನಡುಗುತ್ತಲೇ ಇತ್ತು. ನನ್ನ ಕೈ ನಡುಗಿದ್ದು ನನಗೇ ಗೊತ್ತಿರಲಿಲ್ಲ.

“ಬಟ್ಟೆ ಒಣಗುವ ಸುದ್ದಿ ಕೇಳಿ ಯಾರ ಕೈಯೂ ಹೀಗೆ ನಡುಗುವುದಿಲ್ಲ,” ಎಂದರು. “ನನ್ನ ಗುರುಗಳಿದ್ದಿದ್ದರೆ ಈ ಟೇಕನ್ನು ಕಸಕ್ಕೆ ಹಾಕಿಸಿ, ನನ್ನನ್ನೂ ಹೊರಗೆ ಹಾಕುತ್ತಿದ್ದರು. ನಾನೂ ಅವತ್ತೇ ನಿಲ್ಲಿಸಬೇಕಿತ್ತು. ಬೆಳಕು ಕೆಟ್ಟಿದೆ ಎಂದು ಕಾಣುತ್ತಿತ್ತು. ಆದರೂ ನಿಲ್ಲಿಸಲಿಲ್ಲ.”

ಇದು ಹೋದರೆ ಮಿಕ್ಕಿದ್ದು ಬರೀ ಒಳ್ಳೆಯ ಫೋಟೋಗಳು, ಮೂರನೆಯ ಚಿತ್ರಕ್ಕೆ ನನಗೆ ಯಾರೂ ಅವಕಾಶ ಕೊಡುವುದಿಲ್ಲ ಎಂದೂ ಹೇಳಿದರು. ಬೇಡಿಕೊಳ್ಳುವ ದನಿಯಲ್ಲಲ್ಲ, ದೂರ ಅಳೆದು ಹೇಳುವ ದನಿಯಲ್ಲೇ. ಆದರೂ ಅದು ನಿಮ್ಮ ತಾಯಿಯ ಮಾತು, ಅವರು ಬೇಡ ಎಂದರೆ ಈಗಲೇ ತೆಗೆಯುತ್ತೇನೆ, ಕೇಳಿಕೊಂಡು ಬನ್ನಿ ಎಂದರು.

ಕೇಳುವುದು ಹೇಗೆ? ಅಮ್ಮ, ನೀನು ನನ್ನ ಬಗ್ಗೆ ಹೇಳಿದ್ದನ್ನು ತೆಗೆಸಲೇ ಎಂದು ಕೇಳಬೇಕಾದರೆ, ನೀನು ಹೇಳಿದ್ದು ನನಗೆ ಕೇಳಿಸಿದೆ ಎಂದು ಮೊದಲು ಒಪ್ಪಿಕೊಳ್ಳಬೇಕಲ್ಲ. ಅಷ್ಟು ದಿನದಿಂದ ಆ ಮಾತನ್ನು ಅವಳೂ ಎತ್ತಿರಲಿಲ್ಲ, ನಾನೂ ಎತ್ತಿರಲಿಲ್ಲ. ಆ ವಾರವೆಲ್ಲ ದಿನಾ ಅವಳ ಕೋಣೆಯ ತನಕ ಹೋದೆ. ಊಟ ಆಯ್ತಾ ಎಂದು ಬಾಯಿಗೆ ಬರುತ್ತಿತ್ತು, ನಾಲಗೆ ಕಚ್ಚಿಕೊಂಡು ವಾಪಸು ಬರುತ್ತಿದ್ದೆ. ಮೊದಲು ಎರಡು ಪ್ರಶ್ನೆಯಾದರೂ ಕೇಳುತ್ತಿದ್ದೆ, ಈಗ ಅದೂ ನಿಂತಿತು.

ಭಾನುವಾರ ಹಾಲು ತುಂಬಿತ್ತು. ಅಮ್ಮ ರೇಷ್ಮೆ ಸೀರೆಯ ಮೇಲೆ ಸ್ವೆಟರು ಹಾಕಿಕೊಂಡು ಮೊದಲ ಸಾಲಿನಲ್ಲಿ ಕೂತಳು. ಒಂದು ಪಕ್ಕದಲ್ಲಿ ನಾನು, ಇನ್ನೊಂದು ಪಕ್ಕದಲ್ಲಿ ಹೈಸ್ಕೂಲಿನ ನನ್ನ ಮಗಳು. ಟವೆಲಿನ ದೃಶ್ಯ ಬಂದಾಗ ನಾನು ನನ್ನ ಚಪ್ಪಲಿ ನೋಡುತ್ತಾ ಕೂತೆ. ಅಮ್ಮನ ದನಿ ಹಾಲಿನ ತುಂಬ ಕೇಳಿತು. ಮೊದಲು ಅಲ್ಲಲ್ಲಿ ನಗು, ಬೈಯೋಷ್ಟು ಹೊತ್ತು ಎಂಬಲ್ಲಿ ನಗು ನಿಂತಿತು. ಹಿಂದೆ ಯಾರೋ ಮೂಗು ಒರೆಸಿಕೊಂಡರು. ಕನ್ನಡ ಬಾರದವರು ಬರೀ ಮುಖ ನೋಡುತ್ತಿದ್ದರು, ಅವರೂ ಮಿಸುಕಲಿಲ್ಲ. ನನ್ನ ಮಗಳು ಒಮ್ಮೆ ನನ್ನ ಕಡೆ ತಿರುಗಿ ನೋಡಿದಳು. ಅವಳು ಕನ್ನಡ ಆಡುವುದಿಲ್ಲ, ಆದರೆ ಅವಳಿಗೆ ಎಲ್ಲ ತಿಳಿಯುತ್ತದೆ.

ದೀಪ ಹತ್ತಿದ ಮೇಲೆ ಅಪರಾಧಿಯ ಹಾಗೆ ಎದ್ದು ನಿಂತೆ. ಯಾರೂ ನನ್ನ ಕಡೆ ನೋಡಲಿಲ್ಲ. ಎಲ್ಲರೂ ಹೋಗಿ ಕ್ಯಾಮೆರಾದವರನ್ನು ಮುತ್ತಿಕೊಂಡರು. ತೆರೆಯ ಮೇಲೆ ರಚನೆ ಮತ್ತು ನಿರ್ದೇಶನ ಎಂದು ಅವರ ಹೆಸರು ಬಂದಿತ್ತಲ್ಲ, ಆ ಡೈಲಾಗೆಲ್ಲ ಅವರೇ ಬರೆದದ್ದು ಎಂದು ಎಲ್ಲರೂ ನಂಬಿಬಿಟ್ಟಿದ್ದರು. ಒಬ್ಬರು ನನ್ನ ಕೈ ಹಿಡಿದು, “ನಮ್ಮನೆ ಕಥೆ ಕೊರಿಯಾದವ್ರಿಗೆ ಹೇಗ್ರೀ ಗೊತ್ತಾಯ್ತು?” ಎಂದರು. ಇನ್ನೊಬ್ಬರು ಅಮ್ಮನಿಗೆ, “ಎಷ್ಟು ನ್ಯಾಚುರಲ್ಲಾಗಿ ಆಕ್ಟ್ ಮಾಡಿದೀರ ಆಂಟಿ. ನಿಮ್ ಮಗಳು ನಿಮ್ಮನ್ನ ಅಷ್ಟು ಚೆನ್ನಾಗಿ ನೋಡ್ಕೊಂಡ್ರೂ ಆ ಫೀಲಿಂಗು ಹೇಗೆ ತಂದ್ರಿ?” ಎಂದು ಕೇಳಿದರು. ಅಮ್ಮ, “ಎಲ್ಲಾ ಅವ್ರು ಹೇಳ್ಕೊಟ್ಟಿದ್ದು” ಎಂದು ಕ್ಯಾಮೆರಾದವರ ಕಡೆ ಕೈ ತೋರಿಸಿದಳು. ಅವರು ಏನೂ ತಿಳಿಯದೆ ತಲೆ ಬಾಗಿಸಿದರು. ಹೊರಗೆ ಪಾರ್ಕಿಂಗಿನಲ್ಲಿ ಮೂರು ನಾಲ್ಕು ಜನ ಫೋನು ಕಿವಿಗಿಟ್ಟುಕೊಂಡು ಓಡಾಡುತ್ತಿದ್ದರು. ಊರಲ್ಲಿ ಇನ್ನೂ ಬೆಳಕು ಹರಿದಿರಲಾರದು, ಯಾವ ತಾಯಂದಿರನ್ನು ಎಬ್ಬಿಸುತ್ತಿದ್ದರೋ.

ನಿರ್ದೇಶಕರ ಮೂರನೆಯ ಚಿತ್ರ ಈಗ ನಡೆಯುತ್ತಿದೆ. ಮದುವೆಗಳನ್ನು ಒಪ್ಪಿಕೊಳ್ಳುವುದು ಬಿಟ್ಟಿದ್ದಾರೆ. ಕ್ಯಾಮೆರಾಕ್ಕೆ ಬೇರೆಯವರನ್ನು ಇಟ್ಟುಕೊಂಡಿದ್ದಾರೆ, ಅವರು ಇನ್ನೂ ಓಡಿಹೋಗಿಲ್ಲವಂತೆ.

ಪ್ರದರ್ಶನದ ದಿನ ಮಗಳು ಹಾಲಿನಿಂದಲೇ ಗೆಳತಿಯ ಮನೆಗೆ ಹೋದಳು. ಕಾರಿನಲ್ಲಿ ಅಮ್ಮ, ನಾನು ಇಬ್ಬರೇ. ಫ್ರೀವೇ ಹತ್ತಿದೆವು. ಎದುರಿನ ರಸ್ತೆ ನೋಡುತ್ತಾ ಹೇಳುವುದು ಸುಲಭ ಎನ್ನಿಸಿತು.

“ಅಮ್ಮ, ಅವತ್ತು ನೀನು ಹೇಳಿದ್ದನ್ನ ನಾನು ಅವ್ರಿಗೆ ಸರಿಯಾಗಿ ಹೇಳ್ಲಿಲ್ಲ. ಬೇರೆ ಏನೋ ಹೇಳ್ದೆ.”

“ಗೊತ್ತು. ಟೇಕ್ಸ್ ಗುಡ್ ಕೇರ್ ಅಂದೆ. ಅಷ್ಟು ಇಂಗ್ಲಿಷು ನಂಗೂ ಬರುತ್ತೆ.”

“ಮತ್ತೆ ಯಾಕೆ ಸುಮ್ನಿದ್ದೆ? ಅಲ್ಲೇ ಹೇಳ್ಬಹುದಿತ್ತಲ್ಲ, ಇವಳು ಸುಳ್ಳು ಹೇಳ್ತಿದಾಳೆ ಅಂತ.”

ಅಮ್ಮ ಸೀಟ್ ಬೆಲ್ಟಿನ ಕೆಳಗೆ ಸಿಕ್ಕಿಕೊಂಡ ಸೆರಗನ್ನು ಬಿಡಿಸಿಕೊಂಡಳು.

“ನಾನು ಹೇಳಿದ್ದು ಅವ್ರಿಗಾಗಿದ್ರೆ ತಾನೆ ಅವ್ರಿಗೆ ತಿಳೀಬೇಕು. ನೀನು ಬೋರ್ಡು ಹಿಡ್ಕೊಂಡು ನಿಂತಿದ್ದೆ. ಅಲ್ಲಾಡೋ ಹಾಗಿರ್ಲಿಲ್ಲ, ಹೋಗೋ ಹಾಗಿರ್ಲಿಲ್ಲ. ಅಷ್ಟು ಹೊತ್ತು ನೀನು ನಂಗೆ ಇನ್ನೆಲ್ಲಿ ಸಿಗ್ತಿದ್ದೆ, ಹೇಳು.”